ಪದ ಪರಿಚಯ: ಫ್ಲಶ್ ಟ್ರಿಮ್ ಬಿಟ್

ವಿರಾಜಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಂತು ‘ಫ್ಲಶ್ ಟ್ರಿಮ್ ಬಿಟ್ ಇದೆಯೇ?’ ಎಂದು ನಾನು ಮೊದಲ ಸಲ ಕೇಳಿದಾಗ, ಹುಡುಗ ನೇರವಾಗಿ ಶೌಚಾಲಯದ ಸಾಮಾನು ಜೋಡಿಸಿದ್ದ ಕಪಾಟಿನತ್ತ ನಡೆದ. ಅವನ ತಪ್ಪೇನೂ ಇಲ್ಲ. ಫ್ಲಶ್ ಎಂದರೆ ನಮಗೆ ನೆನಪಾಗುವುದೇ ಅದು. ‘ಟ್ರಿಮ್ಮರ್‌ಗೆ ಹಾಕುವ ಬೇರಿಂಗ್ ಬಿಟ್ ಕೊಡಪ್ಪಾ’ ಎಂದ ಮೇಲೆ ಡಬ್ಬಿ ಹೊರಬಂತು. ಮರಗೆಲಸದವರ ಬಾಯಲ್ಲಿ ಇದಕ್ಕೆ ಹೆಚ್ಚಾಗಿ ಇರುವ ಹೆಸರು ಬೇರಿಂಗ್ ಬಿಟ್, ಇಲ್ಲವೇ ಟ್ರಿಮ್ಮಿಂಗ್ ಬಿಟ್.

ಹೆಸರನ್ನು ಬಿಡಿಸುವುದಕ್ಕೆ ನಮ್ಮಲ್ಲೇ ಎರಡು ಪದಗಳಿವೆ. ಮೊದಲನೆಯದು ಫ್ಲಶ್ ಡೋರ್. ಹೊಸ ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತು: ಉಬ್ಬು, ತಗ್ಗು, ಕೆತ್ತನೆ ಏನೂ ಇಲ್ಲದೆ ಒಂದೇ ಮಟ್ಟದಲ್ಲಿರುವ ಬಾಗಿಲು. ಆ ಫ್ಲಶ್ಶೇ ಈ ಫ್ಲಶ್ಶು. ಎರಡು ಮೈಗಳು ಕೂಡುವ ಜಾಗದಲ್ಲಿ ಬೆರಳು ಎಡವದಂತೆ ಇದ್ದರೆ ಅದು ಫ್ಲಶ್. ಎರಡನೆಯದು ಕಪಾತು. ತೋಟದಲ್ಲಿ ನೆರಳಿನ ಮರದ ಬೇಡದ ಕೊಂಬೆಗಳನ್ನು ಸವರಿ ತೆಗೆಯುವುದೇ ಟ್ರಿಮ್. ಅಲ್ಲಿಗೆ ಫ್ಲಶ್ ಟ್ರಿಮ್ ಎಂದರೆ ಹೊರಚಾಚಿದ ಅಂಚನ್ನು ಪಕ್ಕದ ಮೈಯ ಮಟ್ಟಕ್ಕೆ ಸರಿಯಾಗಿ ಸವರುವುದು. ಹಾಗೆ ಸವರುವ ಅಲಗಿನ ತುಂಡೇ ಬಿಟ್. ಅದನ್ನು ಹಿಡಿದು ತಿರುಗಿಸುವ ಯಂತ್ರ ರೌಟರ್. ಒಂದು ಕೈಯಲ್ಲಿ ಹಿಡಿಯಬಹುದಾದ ಅದರ ತಮ್ಮ ಟ್ರಿಮ್ಮರ್. (ಅಂತರ್ಜಾಲದಲ್ಲಿ ರೌಟರ್ ಎಂದು ಹುಡುಕಿ ನೋಡಿ, ಮೊದಲು ಬರುವುದೆಲ್ಲ ವೈಫೈ ಪೆಟ್ಟಿಗೆಗಳು.)

ಬಿಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡೋಣ. ಯಂತ್ರದೊಳಗೆ ಹೋಗುವ ನುಣುಪಾದ ದಂಡು ಒಂದು ಕಡೆ. ಅದರ ಕೆಳಗೆ ಎರಡು ಅಲಗು. ತುದಿಯಲ್ಲಿ ಪುಟ್ಟ ತಿರುಪಿನಿಂದ ಬಿಗಿದ ಬೇರಿಂಗ್. ಇಡೀ ಗುಟ್ಟು ಈ ಬೇರಿಂಗ್‌ನ ಅಳತೆಯಲ್ಲಿದೆ: ಅಲಗುಗಳು ತಿರುಗುವಾಗ ಆಗುವ ವೃತ್ತದ ವ್ಯಾಸ ಎಷ್ಟೋ ಬೇರಿಂಗ್‌ನ ವ್ಯಾಸವೂ ಅಷ್ಟೇ. ಬೇರಿಂಗ್ ಒಂದು ಮೈಯನ್ನು ಒರಗಿಕೊಂಡು ಉರುಳುತ್ತದೆ, ಅಲಗು ಅದೇ ರೇಖೆಯಲ್ಲಿ ಇನ್ನೊಂದು ಮೈಯನ್ನು ಕೊರೆಯುತ್ತದೆ. ಇದೇ ಅಲಗಿಗೆ ಚಿಕ್ಕ ಬೇರಿಂಗ್ ಹಾಕಿದರೆ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ. ಕನ್ನಡಿಯನ್ನೋ ಗಾಜನ್ನೋ ಕೂರಿಸುವುದಕ್ಕೆ ಬೇಕಾದ ಮೆಟ್ಟಿಲು. ಅದು ಬೇರೆಯೇ ಬಿಟ್, ಅದರ ಕತೆ ಇಲ್ಲಿ ಬೇಡ.

ಬೇರಿಂಗ್‌ಗೆ ಬುದ್ಧಿ ಇಲ್ಲ. ಅದು ಒರಗಿದ ಮೈ ನೇರವಾಗಿದ್ದರೆ ಕೊರೆತವೂ ನೇರ. ಆ ಮೈಯಲ್ಲಿ ಒಣಗಿದ ಫೆವಿಕಾಲ್‌ನ ಹನಿಯೊಂದು ಅಂಟಿದ್ದರೆ, ಬೇರಿಂಗ್ ಅದನ್ನು ಹತ್ತಿ ಇಳಿಯುತ್ತದೆ, ಅಂಚಿನಲ್ಲಿ ಅಷ್ಟೇ ಗಾತ್ರದ ಗಂಟು ಉಳಿಯುತ್ತದೆ. ಅಗ್ಗದ ಪ್ಲೈವುಡ್‌ನ ಪದರದಲ್ಲಿ ಟೊಳ್ಳು ಇದ್ದರೆ ಬೇರಿಂಗ್ ಅದರೊಳಗೆ ಇಳಿದು ನಿಮ್ಮ ಒಳ್ಳೆಯ ಮರವನ್ನು ಕಚ್ಚುತ್ತದೆ. ಹಾಗಾಗಿ ಬಿಟ್ ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೇರಿಂಗ್ ಯಾವುದರ ಮೇಲೆ ಓಡಬೇಕು, ಆ ಮೈ ಕೆಳಗಿದೆಯೋ ಮೇಲಿದೆಯೋ?

ಅಡುಗೆಮನೆಯ ಕಪಾಟಿನ ಪ್ಲೈವುಡ್‌ಗೆ ಸನ್‌ಮೈಕಾ ಅಂಟಿಸಿದಾಗ ಹಾಳೆಯನ್ನು ಬೇಕೆಂದೇ ಸ್ವಲ್ಪ ಹೊರಚಾಚಿ ಬಿಡುತ್ತಾರೆ. ಆಗ ಸವರಬೇಕಾದ ಹಾಳೆ ಮೇಲೆ, ಬೇರಿಂಗ್ ಒರಗಬೇಕಾದ ಪ್ಲೈವುಡ್ ಅಂಚು ಕೆಳಗೆ. ಇದಕ್ಕೆ ತುದಿಯಲ್ಲಿ ಬೇರಿಂಗ್ ಇರುವ ಬಿಟ್ ಬೇಕು. ಪ್ಲೈವುಡ್ ಅಂಚಿಗೆ ಮರದ ಪಟ್ಟಿ ಅಂಟಿಸಿ ಮಟ್ಟ ಮಾಡುವಾಗಲೂ ಇದೇ. ಆದರೆ ಅಚ್ಚಿನ ಮೇಲೆ ಬೇರಿಂಗ್ ಓಡಿಸಿ ಒಂದೇ ಆಕಾರದ ನಾಲ್ಕಾರು ತುಂಡು ಮಾಡುವಾಗ ಅಚ್ಚು ಸಾಮಾನ್ಯವಾಗಿ ಮರದ ಮೇಲಿರುತ್ತದೆ. ಅದಕ್ಕೆ ದಂಡಿನ ಬುಡದಲ್ಲಿ, ಅಲಗುಗಳ ಮೇಲೆ ಬೇರಿಂಗ್ ಇರುವ ಬಿಟ್. ಇದನ್ನು ಪ್ಯಾಟರ್ನ್ ಬಿಟ್ ಎಂದು ಬೇರೆಯಾಗಿ ಕರೆಯುತ್ತಾರೆ. ಕೆಲಸ ಒಂದೇ, ಬೇರಿಂಗ್‌ನ ಜಾಗ ಬೇರೆ. ಎರಡೂ ಕಡೆ ಬೇರಿಂಗ್ ಇರುವುದೂ ಸಿಗುತ್ತದೆ; ಬೆಲೆ ಹೆಚ್ಚು, ಅದು ಏಕೆ ಬೇಕೆಂದು ನನಗೆ ಗೊತ್ತಾದದ್ದು ಒಂದು ಮುಕ್ಕಾಲಿಯನ್ನು ಕೆಡಿಸಿಕೊಂಡ ಮೇಲೆ.

ಕೊಡವರ ಮದುವೆಯಲ್ಲಿ ವಧುವರರನ್ನು ಕೂರಿಸುವ ಮೂರು ಕಾಲಿನ ಪೀಠವೇ ಮುಕ್ಕಾಲಿ. ಹಳೆಯದರ ಅಳತೆ ತೆಗೆದುಕೊಂಡು, ಹಲಸಿನ ಮರದಲ್ಲಿ ಹೊಸದೊಂದು ಮಾಡಲು ಹೊರಟಿದ್ದೆ. ಕಾಲುಗಳಿಗೆ ಒಳಕ್ಕೆ ಬಾಗಿದ ಸೊಂಟ. ಮೂರೂ ಒಂದೇ ಥರ ಇರಬೇಕು. 9 ಮಿಲಿಮೀಟರ್ ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಚ್ಚು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ ನುಣುಪು ಮಾಡಿದೆ. ಅಚ್ಚಿಗೆ ಕೊಟ್ಟ ಸಮಯ ಮೂರು ಪಟ್ಟಾಗಿ ಹಿಂದಿರುಗುತ್ತದೆ, ಏಕೆಂದರೆ ಅದರ ಒಂದು ತಪ್ಪು ಮೂರು ಕಾಲಿಗೂ ಹೋಗುತ್ತದೆ. ಗೀಟಿನಿಂದ ಸುಮಾರು 2 ಮಿಲಿಮೀಟರ್ ಹೊರಗೆ ಗರಗಸದಲ್ಲಿ ಕತ್ತರಿಸಿ, ಎರಡೂ ಮುಖ ಅಂಟುವ ಟೇಪಿನಿಂದ ಅಚ್ಚನ್ನು ಅಂಟಿಸಿ, ಪ್ಯಾಟರ್ನ್ ಬಿಟ್ ಹಾಕಿದೆ. ಆ 2 ಮಿಲಿಮೀಟರ್ ಮುಖ್ಯ. ಈ ಬಿಟ್ ಇರುವುದು ಸವರಲು, ಮರ ಸೀಳಲು ಅಲ್ಲ. ಅರ್ಧ ಇಂಚು ಉಳಿಸಿ ‘ರೌಟರ್ ನೋಡಿಕೊಳ್ಳುತ್ತದೆ’ ಎಂದುಕೊಂಡವರ ಕೈಯಿಂದ ಯಂತ್ರ ಕಿತ್ತುಕೊಂಡು ಓಡುತ್ತದೆ.

ಮೊದಲ ಎರಡು ಕಾಲು ಚೆನ್ನಾಗಿ ಬಂದವು, ಅದೃಷ್ಟ. ಮೂರನೆಯದರ ಸೊಂಟ ಇಳಿದು ಮತ್ತೆ ಏರುವಲ್ಲಿ ‘ಟಪ್’ ಎಂದು ಸದ್ದಾಯಿತು. ಬೆರಳುದ್ದದ ಹಳದಿ ಚಕ್ಕೆಯೊಂದು ಹಾರಿ ಗೋಡೆಗೆ ಬಡಿಯಿತು. ನಮ್ಮಲ್ಲಿಗೆ ಬಾಗಿಲು ರಿಪೇರಿಗೆ ಬಂದಿದ್ದ ಆಚಾರಿ ಕಾಲನ್ನು ಎತ್ತಿಕೊಂಡು, ಅಂಚಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಎಳೆದರು. ಒಂದು ದಿಕ್ಕಿಗೆ ನುಣುಪು. ಇನ್ನೊಂದು ದಿಕ್ಕಿಗೆ ಬೆಕ್ಕಿನ ನಾಲಿಗೆಯ ಹಾಗೆ. ‘ಈ ಕಡೆಯಿಂದ ಬಂದದ್ದೇ ತಪ್ಪು ಸ್ವಾಮಿ. ಹತ್ತರಿ ಹಿಡಿದಿದ್ದರೆ ಕೈಗೇ ಗೊತ್ತಾಗುತ್ತಿತ್ತು’ ಎಂದರು.

ಅವರು ಹೇಳಿದ್ದು ಎಳೆಯ ವಿಚಾರ. ಬಾಗಿದ ಅಂಚಿನಲ್ಲಿ ಮರದ ಎಳೆಗಳು ಅರ್ಧ ದಾರಿ ಅಲಗಿನ ಜೊತೆ ಇಳಿಯುತ್ತವೆ, ಇನ್ನರ್ಧ ದಾರಿ ಅಲಗಿಗೆ ಎದುರಾಗಿ ನಿಲ್ಲುತ್ತವೆ. ಎದುರಾದ ಕಡೆ ಅಲಗು ಎಳೆಯನ್ನು ಕತ್ತರಿಸುವ ಬದಲು ಅದರ ಅಡಿಗೆ ನುಗ್ಗಿ ಎಬ್ಬಿಸುತ್ತದೆ. ಹಲಸಿನಲ್ಲಿ ಎಳೆಗಳು ಹೆಣೆದುಕೊಂಡೂ ಇರುವುದರಿಂದ ಕಾಟ ಇನ್ನೂ ಹೆಚ್ಚು. ಕೈಯಿಂದ ಮರ ಹೆರೆಯುವ ಹತ್ತರಿಯಾದರೆ ತಿರುಗಿಸಿ ಇನ್ನೊಂದು ಕಡೆಯಿಂದ ಎಳೆಯಬಹುದು. ರೌಟರ್‌ಗೆ ಆ ಸ್ವಾತಂತ್ರ್ಯವಿಲ್ಲ. ಕೈಯಲ್ಲಿ ಹಿಡಿದ ರೌಟರ್‌ನ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ಹಲಗೆಯ ಹೊರ ಅಂಚನ್ನು ಅಪ್ರದಕ್ಷಿಣವಾಗಿಯೇ ಸುತ್ತಬೇಕು, ಕಿಂಡಿಯ ಒಳ ಅಂಚನ್ನು ಪ್ರದಕ್ಷಿಣವಾಗಿ. ಇದನ್ನು ತಪ್ಪಿಸಿ ಬಿಟ್ ತಿರುಗುವ ಕಡೆಗೇ ತಳ್ಳಿದರೆ ಅದು ಚಕ್ರದ ಹಾಗೆ ಅಂಚನ್ನು ಹತ್ತಿಕೊಂಡು ಓಡುತ್ತದೆ. ಬಿಟ್ ತಲೆಕೆಳಗಾಗಿ ನಿಲ್ಲುವ ರೌಟರ್ ಮೇಜಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಮರವನ್ನು ಬಲದಿಂದ ಎಡಕ್ಕೆ ತಳ್ಳುತ್ತಾರೆ.

ದಿಕ್ಕು ಬದಲಿಸುವಂತಿಲ್ಲ ಎಂದ ಮೇಲೆ ಮರವನ್ನೇ ಮಗುಚಬೇಕು. ಎರಡೂ ಕಡೆ ಬೇರಿಂಗ್ ಇರುವ ಬಿಟ್ ಬರುವುದು ಇಲ್ಲಿಗೆ. ಅಚ್ಚು ಮೇಲಿರುವಾಗ ಮೇಲಿನ ಬೇರಿಂಗ್ ಬಳಸಿ ಎಳೆ ಇಳಿಯುವ ಅರ್ಧವನ್ನಷ್ಟೇ ಸವರಿ ನಿಲ್ಲಿಸಿ. ತುಂಡನ್ನು ಅಚ್ಚಿನ ಸಮೇತ ಮಗುಚಿ. ಈಗ ಅಚ್ಚು ಕೆಳಗೆ. ಬಿಟ್ಟನ್ನು ಇಳಿಸಿ ತುದಿಯ ಬೇರಿಂಗ್ ಅಚ್ಚಿಗೆ ತಾಗುವಂತೆ ಮಾಡಿ. ಹಿಂದೆ ಏರುತ್ತಿದ್ದ ಎಳೆ ಈಗ ಇಳಿಯುತ್ತದೆ, ಉಳಿದರ್ಧವೂ ಚಕ್ಕೆ ಹಾರದೆ ಬರುತ್ತದೆ. ನಾಲ್ಕನೆಯ ಸಲ ಮಾಡಿದ ಆ ಮೂರನೆಯ ಕಾಲು ಹೀಗೆಯೇ ಆದದ್ದು.

ಅಲಗಿನ ಉದ್ದದ ಬಗ್ಗೆ ಒಂದು ಮಾತು. ತುದಿಯ ಬೇರಿಂಗ್ ಬಿಟ್‌ನಲ್ಲಿ ಅಲಗು ಮರದ ದಪ್ಪಕ್ಕಿಂತ ಉದ್ದವಿರಲೇಬೇಕು, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಬೇಕಾಗುತ್ತದೆ. ಮೇಲಿನ ಬೇರಿಂಗ್‌ನದು ಹಾಗಲ್ಲ. ಮೊದಲು ಸ್ವಲ್ಪ ಆಳಕ್ಕೆ ಕೊರೆದು, ಆಮೇಲೆ ಬಿಟ್ ಇಳಿಸಿ, ಈಗಾಗಲೇ ಕೊರೆದ ಮೈಯ ಮೇಲೇ ಬೇರಿಂಗ್ ಓಡಿಸಿದರೆ ದಪ್ಪ ಮರವನ್ನೂ ಎರಡು ಮೂರು ಸುತ್ತಿನಲ್ಲಿ ಮುಗಿಸಬಹುದು. ಒಂದೇ ಬಿಟ್ ಕೊಳ್ಳುವ ಹಣವಿದ್ದು ಮುಖ್ಯ ಕೆಲಸ ಅಚ್ಚಿನದಾದರೆ ನಾನು ಮೇಲಿನ ಬೇರಿಂಗ್‌ನದನ್ನೇ ಕೊಳ್ಳುತ್ತೇನೆ, ಅಲಗು 25 ಮಿಲಿಮೀಟರ್ ಇದ್ದರೆ ಸಾಕು.

ವ್ಯಾಸ ಹೆಚ್ಚಿದಷ್ಟೂ ಕೊರೆತ ನುಣುಪು. ಆದರೆ ದೊಡ್ಡ ಬಿಟ್‌ಗೆ ವೇಗ ಇಳಿಸಬೇಕು. ಪೊಟ್ಟಣದ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ, ಅದನ್ನು ಓದಿ. ಸಣ್ಣ ಟ್ರಿಮ್ಮರ್‌ಗಳು ನಿಮಿಷಕ್ಕೆ 30,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ, ಎಷ್ಟೋ ಯಂತ್ರಗಳಲ್ಲಿ ವೇಗ ಇಳಿಸುವ ಗುಂಡಿಯೇ ಇಲ್ಲ. ಒಳಮೂಲೆಯಲ್ಲಿ ಯಾವ ಬಿಟ್ಟೂ ತನ್ನ ತ್ರಿಜ್ಯಕ್ಕಿಂತ ಬಿಗಿಯಾಗಿ ತಿರುಗಲಾರದು: ಅರ್ಧ ಇಂಚಿನ ಬಿಟ್ ಬಿಟ್ಟುಹೋಗುವ ದುಂಡನೆಯ ಮೂಲೆಯ ತ್ರಿಜ್ಯ 6.35 ಮಿಲಿಮೀಟರ್. ಚೌಕ ಮೂಲೆ ಬೇಕಾದರೆ ಉಳಿ ಎತ್ತಿಕೊಳ್ಳಬೇಕು.

ಈ 6.35 ಎಂಬ ಸಂಖ್ಯೆಯಲ್ಲೇ ನಮ್ಮ ಮಾರುಕಟ್ಟೆಯ ದೊಡ್ಡ ತೊಡಕೂ ಇದೆ. ಕಾಲಿಂಚಿನ ದಂಡು ಎಂದರೆ 6.35 ಮಿಲಿಮೀಟರ್. ಟ್ರಿಮ್ಮರ್‌ನ ಜೊತೆ ಬರುವ ಹಿಡಿ, ಅಂದರೆ ಕಾಲೆಟ್, ಒಮ್ಮೊಮ್ಮೆ 6 ಮಿಲಿಮೀಟರ್‌ನದು. ದೊಡ್ಡ ರೌಟರ್‌ನಲ್ಲಿ ಇದೇ ಗೊಂದಲ 12 ಮತ್ತು 12.7ರ ನಡುವೆ. ದಪ್ಪ ದಂಡು ಸಣ್ಣ ಹಿಡಿಗೆ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ಅಪಾಯ ಇರುವುದು ತಿರುವುಮುರುವಾದಾಗ: 6ರ ದಂಡು ಕಾಲಿಂಚಿನ ಹಿಡಿಯೊಳಗೆ ಹೋಗುತ್ತದೆ, ಬಿಗಿದ ಹಾಗೂ ಅನ್ನಿಸುತ್ತದೆ, ಕೆಲಸದ ನಡುವೆ ಜಾರುತ್ತದೆ. ಅಂಗಡಿಗೆ ಹೋಗುವಾಗ ಕಾಲೆಟ್ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗುವುದು ನಾಚಿಕೆಯ ವಿಷಯವಲ್ಲ. ದಂಡನ್ನು ಪೂರ್ತಿ ಒಳಗೆ ತಳ್ಳಿ, ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಎಳೆದು ಬಿಗಿಯಿರಿ, ಪ್ಲಗ್ ತೆಗೆದಿಟ್ಟೇ.

ಅಲಗಿನಲ್ಲೂ ಜಾತಿಗಳಿವೆ. ನೇರ ಅಲಗಿನದು ಅಗ್ಗ, ಸನ್‌ಮೈಕಾಕ್ಕೆ ಧಾರಾಳ ಸಾಕು. ಸುರುಳಿಯಾಗಿ ತಿರುಚಿದ್ದು ದುಬಾರಿ. ಎಳೆಯನ್ನು ಒಮ್ಮೆಗೇ ಬಡಿಯದೆ ಓರೆಯಾಗಿ ಕತ್ತರಿಸುವುದರಿಂದ ತೊಂದರೆಯ ಮರದಲ್ಲೂ ಮೈ ನುಣುಪಾಗಿ ಬರುತ್ತದೆ. ಸುರುಳಿ ಮೇಲ್ಮುಖವಾಗಿದ್ದರೆ ಪುಡಿಯನ್ನು ಯಂತ್ರದ ಕಡೆ ಎಳೆಯುತ್ತದೆ, ಮೇಲಿನ ಅಂಚಿನ ನಾರೂ ಏಳುತ್ತದೆ. ಕೆಳಮುಖವಾಗಿದ್ದರೆ ಮೇಲಿನ ಅಂಚನ್ನು ಒತ್ತಿ ಕತ್ತರಿಸುತ್ತದೆ. ಎರಡನ್ನೂ ಕೂಡಿಸಿದ್ದೂ ಇದೆ, ಎರಡೂ ಮುಖಕ್ಕೆ ಹಾಳೆ ಅಂಟಿಸಿದ ಪ್ಲೈವುಡ್‌ಗೆ ಹೇಳಿ ಮಾಡಿಸಿದ್ದು. ಯಾವುದಾದರೂ ಸರಿ, ಅಲಗು ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್‌ನದಾಗಿರಲಿ. ತೇಗದ ಮರದಲ್ಲೇ ಮರಳಿನ ಅಂಶವಾದ ಸಿಲಿಕಾ ಇದೆ. ಬರಿಯ ಉಕ್ಕಿನ ಅಲಗು ಅದರ ಮುಂದೆ ಬೇಗ ಮೊಂಡಾಗುತ್ತದೆ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬೇರಿಂಗ್ ಹೇಗೆ ಸುಮ್ಮನಿರುತ್ತದೆ? ತುಕ್ಕು ಹಿಡಿದೋ ಅಂಟು ಮೆತ್ತಿಯೋ ಅದು ಸಿಕ್ಕಿಕೊಂಡರೆ, ಉರುಳುವ ಬದಲು ಬಿಟ್ ಜೊತೆಗೇ ಅದೇ ವೇಗದಲ್ಲಿ ತಿರುಗಿ ಅಚ್ಚಿನ ಅಂಚನ್ನು ಸುಡುತ್ತದೆ. ಕಂದು ಗೆರೆಯೂ ಸುಟ್ಟ ವಾಸನೆಯೂ ಒಟ್ಟಿಗೇ ಬರುತ್ತವೆ. ಪ್ರತಿ ಸಲ ಪ್ಲಗ್ ಹಾಕುವ ಮುನ್ನ ಬೇರಿಂಗ್ ಅನ್ನು ಬೆರಳಿನಿಂದ ತಿರುಗಿಸಿ ನೋಡುವುದು ನನ್ನ ಅಭ್ಯಾಸ. ಅಲಗಿಗೆ ಅಂಟಿದ ಗೋಂದನ್ನು ತೊಳೆಯುವಾಗ ಬೇರಿಂಗ್ ಬಿಚ್ಚಿಟ್ಟುಬಿಡಿ. ಅದನ್ನೂ ಸೀಮೆಎಣ್ಣೆಯಲ್ಲಿ ಅದ್ದಿದರೆ ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಎಂಡಿಎಫ್ ಅಚ್ಚೂ ತೇವ ಕುಡಿದು ಅಂಚಿನಲ್ಲಿ ಊದಿಕೊಳ್ಳುತ್ತದೆ. ಕಳೆದ ವರ್ಷದ ಅಚ್ಚನ್ನು ನಂಬುವ ಮುನ್ನ ಒಮ್ಮೆ ಅಳೆದು ನೋಡಿ. ಮುಕ್ಕಾಲಿಯ ಅಚ್ಚನ್ನು ನಾನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೇನೆ.

ಬೇರಿಂಗ್ ಸವೆದರೆ ಬಿಟ್ಟನ್ನು ಎಸೆಯಬೇಕಾಗಿಲ್ಲ, ಅದೇ ವ್ಯಾಸದ್ದು ಬಿಡಿಯಾಗಿ ಸಿಗುತ್ತದೆ, ಆ ಎಳ್ಳುಕಾಳಿನಂಥ ತಿರುಪನ್ನು ಬಿಚ್ಚಿ ಹಾಕಿದರಾಯಿತು. ಬಿಚ್ಚುವಾಗ ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ನನ್ನದು ಮರದ ಪುಡಿಯ ರಾಶಿಯೊಳಗೆ ಬಿದ್ದು, ಹಳೆಯ ಸ್ಪೀಕರ್ ಒಡೆದು ತೆಗೆದ ಅಯಸ್ಕಾಂತದಿಂದ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಕರೆಂಟ್ ಹೋಗಿತ್ತು.