ಪೇಟೆಂಟ್ ಕೇಸಿನಲ್ಲಿ ಕಂಪನಿ ಸೋತರೆ ನಮ್ಮ ಜೇಬಿಗೆ ಕತ್ತರಿಯೇ?

ಓದುಗರ ಪ್ರಶ್ನೆ: ಪೇಟೆಂಟ್ ಜಗಳದಲ್ಲಿ ದೊಡ್ಡ ಕಂಪನಿಗಳಿಗೆ ಕೋಟಿಗಟ್ಟಲೆ ದಂಡ ಬೀಳುತ್ತಲ್ಲ, ಕೊನೆಗೆ ಅದನ್ನು ಕಟ್ಟುವುದು ಗ್ರಾಹಕರೇ ಅಲ್ವಾ?

ಈ ಪ್ರಶ್ನೆಯ ಬೆನ್ನಿಗೇ ಒಂದು ಹಳೇ ವಾಟ್ಸ್ಆ್ಯಪ್ ಕತೆ ಬರುತ್ತದೆ. ಆಪಲ್‌ನ ಪೇಟೆಂಟ್ ಮುರಿದಿದ್ದಕ್ಕೆ ಸ್ಯಾಮ್‌ಸಂಗ್ ಪರಿಹಾರವಾಗಿ ಕೊಡಬೇಕಿದ್ದ ನೂರು ಕೋಟಿ ಡಾಲರನ್ನು 5 ಸೆಂಟಿನ ಚಿಲ್ಲರೆಯಲ್ಲಿ, 30 ಲಾರಿ ತುಂಬಿಸಿ ಕಳಿಸಿತಂತೆ. ಸುಳ್ಳು ಎಂದು ಎಷ್ಟು ಸಲ ಹೇಳಿದರೂ ಮತ್ತೆ ಯಾರೋ ಫಾರ್ವರ್ಡ್ ಮಾಡುತ್ತಾರೆ. ಈ ಸಲ ಲೆಕ್ಕ ಹಾಕಿಯೇ ಬಿಡೋಣ.

ಅಮೆರಿಕದ 5 ಸೆಂಟಿನ ನಾಣ್ಯ 5 ಗ್ರಾಂ ತೂಗುತ್ತದೆ. ಒಂದು ಡಾಲರ್‌ಗೆ 20 ನಾಣ್ಯ, ಅಂದರೆ 100 ಗ್ರಾಂ. ನೂರು ಕೋಟಿ ಡಾಲರ್‌ಗೆ 10 ಕೋಟಿ ಕೆಜಿ. ಟನ್ ಲೆಕ್ಕದಲ್ಲಿ ಒಂದು ಲಕ್ಷ ಟನ್. 30 ಲಾರಿಗೆ ಹಂಚಿ ನೋಡಿ, ಒಂದೊಂದಕ್ಕೆ 3,300 ಟನ್‌ಗಿಂತ ಜಾಸ್ತಿ ಬರುತ್ತದೆ. ಲಾರಿಗೆ 20 ಟನ್ ಹೇರಿದರೂ 5,000 ಲಾರಿ ಬೇಕು.

ತೂಕ ಬಿಡಿ, ತಾರೀಖೂ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ) ಸುಮಾರು 105 ಕೋಟಿ ಡಾಲರ್ ಎಂದಿದ್ದು 2012ರ ಆಗಸ್ಟ್‌ನಲ್ಲಿ. ಕೆಲವೇ ದಿನಕ್ಕೆ ಈ ಕತೆ ಹರಿದಾಡಿತು. ಆಗಿನ್ನೂ ಸ್ಯಾಮ್‌ಸಂಗ್ ಒಂದು ಪೈಸೆ ಕೊಟ್ಟಿರಲಿಲ್ಲ. ಜ್ಯೂರಿ ಮೊತ್ತ ಹೇಳಿದ ತಕ್ಷಣ ಯಾರೂ ಚೆಕ್ ಬರೆಯುವುದಿಲ್ಲ. 2013ರ ಮಾರ್ಚ್‌ನಲ್ಲಿ ನ್ಯಾಯಾಧೀಶೆ ಲೂಸಿ ಕೊ ಅದರಲ್ಲಿ ಸುಮಾರು 45 ಕೋಟಿ ಡಾಲರ್ ಪಾಲನ್ನು ತೆಗೆದುಹಾಕಿ, ಅಷ್ಟಕ್ಕೆ ಮತ್ತೆ ವಿಚಾರಣೆ ಆಗಲಿ ಎಂದರು. ಮರುವಿಚಾರಣೆ, ಮೇಲ್ಮನವಿ ಎಲ್ಲ ಮುಗಿದು ಸ್ಯಾಮ್‌ಸಂಗ್‌ನಿಂದ ಆಪಲ್‌ಗೆ 54.8 ಕೋಟಿ ಡಾಲರ್ ಕೈ ಬದಲಾಗಿದ್ದು 2015ರ ಡಿಸೆಂಬರ್‌ನಲ್ಲಿ. ಅದಾಗಿ ಒಂದು ವರ್ಷಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್, ಡಿಸೈನ್ ಪೇಟೆಂಟ್‌ಗೆ (ವಸ್ತುವಿನ ಹೊರನೋಟಕ್ಕೆ ಸಿಗುವ ಪೇಟೆಂಟ್) ಪರಿಹಾರ ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಎಂದು ಕೇಸನ್ನು ವಾಪಸ್ ಕಳಿಸಿತು. 2018ರ ಮೇನಲ್ಲಿ ಇನ್ನೊಂದು ಜ್ಯೂರಿ 53.9 ಕೋಟಿ ಎಂದಿತು. ಜೂನ್‌ನಲ್ಲಿ ಇಬ್ಬರೂ ರಾಜಿಯಾದರು. ಏಳು ವರ್ಷದ ಕೇಸು ಇದು. ದಯವಿಟ್ಟು ಆ ಲಾರಿಗಳನ್ನು ಇಲ್ಲಿಗೇ ನಿಲ್ಲಿಸಿ.

ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಈ ಕತೆ ನಮ್ಮ ಗಮನವನ್ನೆಲ್ಲ ದುಡ್ಡಿನ ಕಡೆಗೇ ಎಳೆಯುತ್ತದೆ. ಒಂದು ಸಲದ ಪರಿಹಾರವನ್ನು ಫೋನಿನ ಬೆಲೆಗೆ ಸೇರಿಸುವುದು ಸುಲಭ ಅಲ್ಲ, ಪಕ್ಕದಲ್ಲೇ ಬೇರೆ ಕಂಪನಿಯ ಫೋನ್ ಕಡಿಮೆ ಬೆಲೆಗೆ ಕೂತಿರುತ್ತದೆ. ಬೆಲೆಯೊಳಗೆ ಸೇರಿಕೊಳ್ಳುವುದು ಪ್ರತಿ ಫೋನಿಗೂ ಪೇಟೆಂಟ್ ಒಡೆಯರಿಗೆ ಕಟ್ಟುವ ಶುಲ್ಕ, ಅಂದರೆ ರಾಯಲ್ಟಿ. ಅದಕ್ಕಿಂತ ನೇರವಾಗಿ ನಮಗೆ ತಟ್ಟುವ ನಷ್ಟ ಇನ್ನೊಂದಿದೆ: ದುಡ್ಡು ಕೊಟ್ಟು ತಂದ ವಸ್ತುವಿನಲ್ಲಿದ್ದ ಒಂದು ಅನುಕೂಲ, ಅಪ್‌ಡೇಟ್ ಆದ ಮೇಲೆ ಇರುವುದಿಲ್ಲ.

ಇದೇ ಕೇಸಿನಲ್ಲಿ ನೋಡಿ. ಫೋನಿನ ಪರದೆಯ ಮೇಲೆ ಲಿಸ್ಟನ್ನು ಕೊನೆವರೆಗೆ ಎಳೆದರೆ ರಬ್ಬರಿನ ಹಾಗೆ ಹಿಂದಕ್ಕೆ ಪುಟಿಯುವುದಕ್ಕೆ ಆಪಲ್ ಪೇಟೆಂಟ್ ಇತ್ತು. ಸ್ಯಾಮ್‌ಸಂಗ್ ಆ ಪುಟಿತ ತೆಗೆದು ಅಂಚಿನಲ್ಲಿ ನೀಲಿ ಹೊಳಪು ತಂದಿತು. ಅದು ಸಣ್ಣದು. 2022ರ ಜನವರಿಯಲ್ಲಿ ಆಗಿದ್ದು ಸಣ್ಣದಲ್ಲ. ಸ್ಪೀಕರ್ ಕಂಪನಿ ಸೋನೋಸ್ ಹಾಕಿದ ಪೇಟೆಂಟ್ ಕೇಸಿನಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಗೂಗಲ್ ವಿರುದ್ಧ ತೀರ್ಪು ಕೊಟ್ಟಿತು. ಮನೆಯ ಸ್ಪೀಕರ್‌ಗಳನ್ನೆಲ್ಲ ಗುಂಪು ಮಾಡಿ ಒಟ್ಟಿಗೆ ಸೌಂಡ್ ಏರಿಸುವ ಅನುಕೂಲ ಹೋಯಿತು. ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಆ ಗುಂಪಿನ ಸೌಂಡ್ ಬದಲಾಗುತ್ತಿರಲಿಲ್ಲ. ಹಾಲ್‌ನದು ಬೇರೆ, ಅಡುಗೆಮನೆಯದು ಬೇರೆ ಎಂದು ಒಂದೊಂದನ್ನೇ ತಿರುವಬೇಕಾಯಿತು. ಮೊದಲೇ ಕೊಂಡವರಿಗೂ ಇದೇ ಗತಿ. ನನಗೆ ಇದು ಸರಿ ಅನ್ನಿಸುವುದಿಲ್ಲ. ಕಂಪನಿಗಳ ಲೆಕ್ಕ ಕೋರ್ಟಿನಲ್ಲಿ ತೀರುತ್ತದೆ, ಕೊಂಡವರ ಲೆಕ್ಕ ಕೇಳುವವರಿಲ್ಲ.

ನಮ್ಮಲ್ಲೂ ಬಿಸಿ ತಟ್ಟಿದೆ. 2014ರ ಡಿಸೆಂಬರ್‌ನಲ್ಲಿ ಟೆಲಿಕಾಂ ಕಂಪನಿ ಎರಿಕ್ಸನ್‌ನ ಪೇಟೆಂಟ್ ದೂರಿನ ಮೇಲೆ ದೆಹಲಿ ಹೈಕೋರ್ಟ್ ಶಿಯೋಮಿ ಫೋನ್‌ಗಳ ಮಾರಾಟ ತಡೆಯಿತು. ಆಮೇಲೆ ಕ್ವಾಲ್ಕಾಮ್ ಚಿಪ್ ಇದ್ದವನ್ನು ಮಾತ್ರ, ಫೋನಿಗೆ 100 ರೂಪಾಯಿ ಠೇವಣಿ ಇಟ್ಟು ಮಾರಲು ಬಿಟ್ಟಿತು. ಮೀಡಿಯಾಟೆಕ್ ಚಿಪ್ಪಿನ ರೆಡ್‌ಮಿ ನೋಟ್‌ಗೆ ಕಾದು ಕೂತವರಿಗೆ ಅದು ಸಿಗಲಿಲ್ಲ.

ಹಾಗಾದರೆ ಭಾರತದಲ್ಲಿ ಸಾಫ್ಟ್‌ವೇರ್‌ಗೂ ಪೇಟೆಂಟ್ ಕೊಡ್ತಾರಾ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಎರಿಕ್ಸನ್ ಕೇಸು ಮೊಬೈಲ್ ನೆಟ್‌ವರ್ಕ್ ತಂತ್ರಜ್ಞಾನದ್ದು. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಸುಗ್ರೀವಾಜ್ಞೆ ತಂದು ಇದನ್ನು ಸಡಿಲಿಸಲು ಹೊರಟಿದ್ದರು. 2005ರಲ್ಲಿ ಸಂಸತ್ತು ಆ ಭಾಗವನ್ನು ಕೈಬಿಟ್ಟಿತು, ಒಳ್ಳೇದೇ ಆಯಿತು. ಆದರೂ ಪ್ರೋಗ್ರಾಂನಿಂದ ತಾಂತ್ರಿಕ ಪರಿಣಾಮ ಇದೆ ಎಂದು ತೋರಿಸಿದರೆ ಪೇಟೆಂಟ್ ಸಿಗಬಹುದು. 2019ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಹೇಳಿತು. ಇನ್ನು ಬೆಂಗಳೂರಿನಲ್ಲಿ ಕೂತು ಆ್ಯಪ್ ಬರೆದು ಅಮೆರಿಕದಲ್ಲಿ ಮಾರುವವರಿಗೆ 3(ಕೆ) ರಕ್ಷಣೆ ಕೊಡುವುದಿಲ್ಲ. ಅಲ್ಲಿ ಮಾರುವಾಗ ಅಲ್ಲಿನ ಪೇಟೆಂಟ್ ಕಾನೂನೇ ನಡೆಯುತ್ತದೆ.