ಗೌಡಿ ಮರ ನೋಡಿ ಕಲಿತದ್ದೇನು? ಡಿಸೈನ್ ಓದುವವರಿಗೆ ನನ್ನ ಟಿಪ್ಪಣಿ

ಮೊದಲ ವರ್ಷದಲ್ಲಿ ನಮಗೆ ಒಂದು ಕೆಲಸ ಕೊಟ್ಟಿದ್ದರು. ಪ್ರಕೃತಿಯಿಂದ ಪ್ರೇರಣೆ ಪಡೆದು ಚಿಕ್ಕ ಮಂಟಪ ಮಾಡಬೇಕು. ನಾನು ಎಲೆ ಆಕಾರದ ಚಾವಣಿ ಬಿಡಿಸಿದೆ. ಎಲೆಯ ನರಗಳನ್ನೂ ಒಂದೊಂದಾಗಿ ಎಳೆದೆ. ನೋಡೋಕೆ ಚೆನ್ನಾಗಿತ್ತು. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಈ ನರಗಳಿಗೆ ಇಲ್ಲಿ ಏನು ಕೆಲಸ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾರವನ್ನೆಲ್ಲ ಹೊತ್ತಿದ್ದು ನಾಲ್ಕು ಮಾಮೂಲಿ ಕಂಬಗಳು. ನರಗಳು ಬರೀ ಗೆರೆ.

ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ವಾಸ್ತುಶಿಲ್ಪಿ ಆಂಟೊನಿ ಗೌಡಿಯವರ ಕಟ್ಟಡಗಳನ್ನು ಓದಲು ಕೂತೆ. ಗೌಡಿ (1852–1926) ಸ್ಪೇನ್‌ನ ಕ್ಯಾಟಲೋನಿಯಾದವರು. ತಂದೆ ತಾಮ್ರದ ಪಾತ್ರೆ ಮಾಡುವ ಕುಶಲಕರ್ಮಿ. ಗೌಡಿಯವರ ಮುಖ್ಯ ಕೆಲಸಗಳು ಹೆಚ್ಚಾಗಿ ಬಾರ್ಸಿಲೋನಾದಲ್ಲಿವೆ. ಅವರ ಕಟ್ಟಡದ ಫೋಟೋ ನೋಡಿದರೆ ಮೂಳೆ, ಚಿಪ್ಪು, ಮರ, ಅಲೆ ಎಲ್ಲ ಕಾಣುತ್ತದೆ. ಅಷ್ಟಕ್ಕೇ ನಿಂತರೆ ನನ್ನ ಎಲೆಯ ಹಾಗೆಯೇ ಆಗುತ್ತದೆ. ಆ ಆಕಾರ ಅಲ್ಲಿ ಏನು ಮಾಡುತ್ತಿದೆ ಅಂತ ಹುಡುಕಿದಾಗಲೇ ನನಗೆ ಗೌಡಿ ಸಿಕ್ಕಿದ್ದು.

ತೂಗುವ ದಾರ, ನಿಲ್ಲುವ ಕಮಾನು

ಒಂದು ತೆಳು ಸರಪಳಿ ತಗೊಳ್ಳಿ. ಎರಡೂ ತುದಿಗಳನ್ನು ಗೋಡೆಗೆ ಪಿನ್ ಮಾಡಿ ಸುಮ್ನೆ ಇಳಿಬಿಡಿ. ಅದು ತಾನಾಗಿಯೇ ಒಂದು ಬಾಗು ಹಿಡಿಯುತ್ತದೆ. ಇದಕ್ಕೆ ಕ್ಯಾಟೆನರಿ ಅನ್ನುತ್ತಾರೆ. ಸರಪಳಿಯನ್ನು ಎಳೆಯಬಹುದು, ಆದರೆ ಒತ್ತಿದರೆ ಅದು ಮಡಚಿಕೊಳ್ಳುತ್ತದೆ. ಹಾಗಾಗಿ ತೂಗುತ್ತಿರುವಾಗ ಅದರೊಳಗೆ ಇರುವುದು ಎಳೆತ ಮಾತ್ರ.

ಈಗ ಅದರ ಫೋಟೋ ತೆಗೆದು ತಲೆಕೆಳಗು ಮಾಡಿ. ಅದೇ ಬಾಗು ಕಮಾನಾಯಿತು. ಎಳೆತ ಇದ್ದ ಕಡೆ ಈಗ ಒತ್ತಡ. ಕಲ್ಲು, ಇಟ್ಟಿಗೆಗೆ ಬೇಕಾದದ್ದು ಇದೇ ಅಲ್ವಾ? ಅವು ಒತ್ತಡವನ್ನು ಚೆನ್ನಾಗಿ ತಡೆಯುತ್ತವೆ, ಎಳೆದರೆ ಬಿರುಕು ಬಿಡುತ್ತವೆ. ಈ ತತ್ವವನ್ನು 17ನೇ ಶತಮಾನದಲ್ಲೇ ಇಂಗ್ಲೆಂಡಿನ ರಾಬರ್ಟ್ ಹುಕ್ ಹೇಳಿದ್ದರು. ಗೌಡಿ ಅದನ್ನು ಒಂದು ಇಡೀ ಕಟ್ಟಡದ ಮಟ್ಟಕ್ಕೆ ಒಯ್ದರು.

ಬಾರ್ಸಿಲೋನಾ ಹತ್ತಿರದ ಕೊಲೊನಿಯಾ ಗ್ವೆಲ್ ಎಂಬ ಕಾರ್ಮಿಕರ ವಸತಿಗೆ ಒಂದು ಚರ್ಚ್ ಬೇಕಿತ್ತು. ಗೌಡಿ ದಾರಗಳ ದೊಡ್ಡ ಜಾಲವನ್ನು ಚಾವಣಿಯಿಂದ ತೂಗುಹಾಕಿದರು. ಪ್ರತಿ ಕಮಾನಿನ ಮೇಲೆ ಎಷ್ಟು ಭಾರ ಬೀಳುತ್ತದೋ ಅದಕ್ಕೆ ಸರಿಯಾಗಿ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದರು. ಒಂದು ಚೀಲ ಬದಲಿಸಿದರೆ ಪಕ್ಕದ ದಾರಗಳೂ ಸರಿಯುತ್ತವೆ. ಇಡೀ ಜಾಲ ಹೊಸ ಸಮತೋಲ ಹುಡುಕಿಕೊಳ್ಳುತ್ತದೆ. ಕೊನೆಗೆ ಮಾದರಿಯ ಫೋಟೋ ತೆಗೆದು, ತಿರುಗಿಸಿ, ಅದರ ಮೇಲೆಯೇ ಬಣ್ಣ ಬಳಿದು ಕಟ್ಟಡದ ಚಿತ್ರ ಮಾಡಿದರು. ಈ ಕೆಲಸಕ್ಕೆ ಹೆಚ್ಚುಕಡಿಮೆ 10 ವರ್ಷ ಹಿಡಿಯಿತು. 1908ರಲ್ಲಿ ಕಟ್ಟಲು ಶುರುವಾಗಿ, ಕೆಳಗಿನ ನೆಲಮಾಳಿಗೆಯ ಪ್ರಾರ್ಥನಾಮಂದಿರದ ಹಂತದಲ್ಲೇ ನಿಂತುಹೋಯಿತು.

ಇಲ್ಲಿ ಬಹಳ ಜನ ಎಡವುತ್ತಾರೆ, ಗಮನವಿಡಿ. ಈ ದಾರದ ಮಾದರಿ ಬಾರ್ಸಿಲೋನಾದಲ್ಲಿರುವ ಗೌಡಿಯವರ ದೊಡ್ಡ ಚರ್ಚ್ ಸಗ್ರಾದಾ ಫಮಿಲಿಯಾದ್ದಲ್ಲ, ಕೊಲೊನಿಯಾ ಗ್ವೆಲ್‌ನದ್ದು. ಇನ್ನೊಂದು ವಿಷಯ. ಭಾರ ಕಟ್ಟಿದ ಮೇಲೆ ಆ ಬಾಗು ಕ್ಯಾಟೆನರಿಯಾಗಿ ಉಳಿಯುವುದಿಲ್ಲ. ನಾನು ನನ್ನ ಸರಪಳಿಯ ನಟ್ಟನಡುವೆ ಪೇಪರ್ ಕ್ಲಿಪ್‌ಗಳ ಒಂದು ಗೊಂಚಲು ಸಿಕ್ಕಿಸಿದೆ. ಬಾಗು ಹೋಗಿ ನಡುವೆ ಮೂಲೆ ಬಂತು. ತಿರುಗಿಸಿ ನೋಡಿದರೆ ಚೂಪು ತುದಿಯ ಕಮಾನು! ತುದಿಯಲ್ಲಿ ಭಾರ ಇದ್ದರೆ ಕಮಾನು ಚೂಪಾಗಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ.

ಮರದ ಹಾಗೆ ಕವಲೊಡೆಯುವ ಕಂಬ

ಸಗ್ರಾದಾ ಫಮಿಲಿಯಾ ಚರ್ಚಿನ ಕೆಲಸ 1882ರಲ್ಲಿ ಬೇರೊಬ್ಬ ವಾಸ್ತುಶಿಲ್ಪಿಯಿಂದ ಶುರುವಾಯಿತು. 1883ರಲ್ಲಿ ಗೌಡಿಯವರ ಕೈಗೆ ಬಂತು. ಸಾಯುವವರೆಗೂ ಅವರು ಅದರಲ್ಲೇ ಇದ್ದರು.

ಹಳೆಯ ಗಾಥಿಕ್ ಚರ್ಚುಗಳಲ್ಲಿ ಎತ್ತರದ ಚಾವಣಿ ಗೋಡೆಗಳನ್ನು ಹೊರಗೆ ತಳ್ಳುತ್ತದೆ. ಅದನ್ನು ತಡೆಯಲು ಹೊರಗಡೆಯಿಂದ ಕಲ್ಲಿನ ಆಸರೆ ಕೊಡಬೇಕು. ಗೌಡಿಯವರ ಕಣ್ಣಿಗೆ ಅವು ಊರುಗೋಲು. ಮರಕ್ಕೆ ಊರುಗೋಲು ಬೇಕಾ? ಕೊಂಬೆ ಓರೆಯಾಗಿ ಬೆಳೆದು, ಭಾರವನ್ನು ಅದೇ ಓರೆಯಲ್ಲಿ ಕಾಂಡಕ್ಕೆ ದಾಟಿಸುತ್ತದೆ. ಅವರ ಕಂಬಗಳೂ ಹಾಗೆಯೇ. ಸ್ವಲ್ಪ ವಾಲಿಕೊಂಡು ಏರಿ, ಮೇಲೆ ಗಂಟಿನಂಥ ಕಡೆ ಕವಲೊಡೆದು, ಪ್ರತಿ ಕವಲೂ ಚಾವಣಿಯ ತನ್ನ ಪಾಲನ್ನು ಹೊರುತ್ತದೆ. ಭಾರ ಹರಿಯುವ ದಾರಿಯಲ್ಲೇ ಕಲ್ಲು ನಿಂತಿದೆ. ಅದಕ್ಕೇ ಹೊರಗಿನ ಆಸರೆ ಬೇಕಾಗಲಿಲ್ಲ.

ಕಂಬವನ್ನು ಹತ್ತಿರದಿಂದ ನೋಡೋಣ. ಬುಡದ ಅಡ್ಡಸೀಳು ನಕ್ಷತ್ರದ ಆಕಾರ, 8 ಮೂಲೆ ಅಂದುಕೊಳ್ಳಿ. ಈ ನಕ್ಷತ್ರವನ್ನು ಬಲಕ್ಕೆ ತಿರುಚುತ್ತಾ ಮೇಲೆ ಎಳೆದರೆ ಒಂದು ಕಂಬ. ಎಡಕ್ಕೆ ತಿರುಚುತ್ತಾ ಎಳೆದರೆ ಇನ್ನೊಂದು. ಎರಡನ್ನೂ ಒಂದರೊಳಗೊಂದು ಇಟ್ಟು, ಎರಡಕ್ಕೂ ಸೇರಿದ ಭಾಗವನ್ನಷ್ಟೇ ಉಳಿಸಿಕೊಳ್ಳಿ. ಮೇಲೆ ಹೋದಂತೆ 8 ಅಂಚು 16 ಆಗುತ್ತದೆ, ಆಮೇಲೆ 32. ಕೊನೆಗೆ ಹೆಚ್ಚುಕಡಿಮೆ ದುಂಡಗಾಗುತ್ತದೆ. ಇಷ್ಟು ಸರಳ ನಿಯಮದಿಂದ ಇಷ್ಟು ಜೀವಂತ ಕಂಬ! ನನಗೆ ಇಡೀ ಕಟ್ಟಡದಲ್ಲಿ ಅತಿ ಇಷ್ಟವಾದದ್ದು ಇದೇ.

ಕಲ್ಲೂ ಒಂದೇ ಅಲ್ಲ. ಕಡಿಮೆ ಭಾರ ಇರುವ ಕಡೆ ಮರಳುಗಲ್ಲು. ಜಾಸ್ತಿ ಆದಂತೆ ಗ್ರಾನೈಟ್, ಬಸಾಲ್ಟ್. ಅತಿ ಹೆಚ್ಚು ಭಾರ ಬೀಳುವ ನಡುವಿನ ಕಂಬಗಳಿಗೆ ಪಾರ್ಫಿರಿ ಎಂಬ ಗಟ್ಟಿ ಕೆಂಪು ಕಲ್ಲು. ಬಣ್ಣ ನೋಡಿಯೇ ಭಾರ ಎಲ್ಲಿ ಹೆಚ್ಚು ಅಂತ ಊಹಿಸಬಹುದು.

ನೇರ ಕೋಲುಗಳಿಂದ ಬಾಗಿದ ಮೈ

ಗೌಡಿಯವರ ಬಾಗುಗಳು ಮನಸ್ಸಿಗೆ ಬಂದಂತೆ ಎಳೆದವು ಅನ್ನಿಸುತ್ತದೆ. ಕೊನೆಕೊನೆಯ ಕೆಲಸಗಳಲ್ಲಂತೂ ಅದು ನಿಜವಲ್ಲ. ಎರಡು ಕೋಲುಗಳನ್ನು ಎದುರುಬದುರು ಹಿಡಿದು, ನಡುವೆ ಸಮ ಅಂತರದಲ್ಲಿ ದಾರ ಕಟ್ಟಿ. ಈಗ ಒಂದು ಕೋಲನ್ನು ಓರೆ ಮಾಡಿ. ಪ್ರತಿ ದಾರವೂ ನೇರವಾಗಿಯೇ ಇದೆ, ಆದರೆ ಎಲ್ಲ ಸೇರಿದ ಮೈ ಬಾಗಿದೆ. ಇದು ಹೈಪರ್ಬಾಲಿಕ್ ಪ್ಯಾರಾಬೊಲಾಯ್ಡ್. ಹೆಸರು ಮಾತ್ರ ಭಯಂಕರ. ಎರಡು ಬೆರಳಿನ ನಡುವಿನ ಚರ್ಮವನ್ನು ಅಗಲಿಸಿ ನೋಡಿ, ಅಂಥದ್ದೇ ಬಾಗು ಕಾಣುತ್ತದೆ.

ಕಟ್ಟುವವರಿಗೆ ಇದರಿಂದ ದೊಡ್ಡ ಅನುಕೂಲ. ನೇರ ಪಟ್ಟಿ, ನೇರ ದಾರ ಇದ್ದರೆ ಬಾಗಿದ ಮೈಯನ್ನು ಅಳತೆ ತಪ್ಪದೆ ಕಟ್ಟಬಹುದು. 1909ರಲ್ಲಿ ಚರ್ಚಿನ ಪಕ್ಕದಲ್ಲೇ ಕಟ್ಟಿದ ಚಿಕ್ಕ ಶಾಲೆ ಇದೇ ಜಾತಿಯದ್ದು. ತೆಳು ಇಟ್ಟಿಗೆಯ ಅಲೆಯಲೆಯ ಚಾವಣಿ. ಒಂದು ಕಾಗದವನ್ನು ಅಂಚಿನಲ್ಲಿ ಹಿಡಿದರೆ ಜೋತುಬೀಳುತ್ತದೆ. ಅದನ್ನೇ ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಆ ಚಾವಣಿಯ ಬಲವೂ ಹೀಗೆ ಬಾಗಿನಿಂದಲೇ ಬಂದದ್ದು.

1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಶುರುವಾದಾಗ ಗೌಡಿಯವರ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು. ಸಗ್ರಾದಾ ಫಮಿಲಿಯಾದ ಪ್ಲಾಸ್ಟರ್ ಮಾದರಿಗಳು ಚೂರುಚೂರಾದವು. ಓದುವಾಗ ನಿಜವಾಗಿಯೂ ಸಂಕಟವಾಯಿತು. ಆದರೆ ಆಕಾರದ ಹಿಂದೆ ಲೆಕ್ಕ ಇತ್ತಲ್ಲ, ಹಾಗಾಗಿ ನಂತರದವರು ಚೂರುಗಳಿಂದಲೇ ಉಳಿದ ಮೈಯನ್ನು ಮತ್ತೆ ಕಂಡುಹಿಡಿಯಲು ಸಾಧ್ಯವಾಯಿತು.

ಬೆಳಕು, ನೀರು

ಕಾಸಾ ಬಾತ್ಯೋ (1904–1906) ಮನೆಯ ನಡುವೆ ಬೆಳಕಿಗಾಗಿ ಬಿಟ್ಟ ಬಾವಿಯಂಥ ಜಾಗವಿದೆ. ಅಲ್ಲಿನ ಟೈಲ್ಸ್ ಮೇಲೆ ಕಡುನೀಲಿ, ಕೆಳಗೆ ಬಂದಂತೆ ತಿಳಿ. ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಬೆಳಕು ಕಡಿಮೆ ಇರುವ ಕಡೆ ದೊಡ್ಡ ಬಾಯಿ, ಅಷ್ಟೇ. ಒಂದೇ ಮರದಲ್ಲಿ ನೆರಳಿನ ಎಲೆಗಳು ಬಿಸಿಲಿನ ಎಲೆಗಳಿಗಿಂತ ಅಗಲವಾಗಿರುತ್ತವಲ್ಲ, ನನಗೆ ಅದೇ ನೆನಪಾಯಿತು. ಇದು ನನ್ನ ಹೋಲಿಕೆ, ಗೌಡಿಯವರದ್ದು ಅಂತ ಬರೆಯಬೇಡಿ.

ಪಾರ್ಕ್ ಗ್ವೆಲ್‌ನಲ್ಲಿ 86 ಕಂಬಗಳ ಮೇಲೆ ದೊಡ್ಡ ಬಯಲು ನಿಂತಿದೆ. ಬಯಲಿಗೆ ಬಿದ್ದ ಮಳೆನೀರು ಸೋಸಿಕೊಂಡು, ಕಂಬಗಳ ಒಳಗಿನಿಂದಲೇ ಇಳಿದು ಕೆಳಗಿನ ತೊಟ್ಟಿ ಸೇರುತ್ತದೆ. ಕಂಬ ಭಾರವನ್ನೂ ಹೊರುತ್ತದೆ, ನೀರನ್ನೂ ಸಾಗಿಸುತ್ತದೆ.

ಇದನ್ನು ಓದಿದ ದಿನ ನನ್ನ ಹಳೆಯ ಮಂಟಪದ ಹಾಳೆ ತೆಗೆದೆ. ಎಲೆಯ ಆಕಾರ ಅಳಿಸಿದೆ, ನಡುವಿನ ದಪ್ಪ ನರ ಉಳಿಸಿಕೊಂಡೆ. ಅದನ್ನು ಚಾವಣಿಯ ತೊಲೆ ಮಾಡಿದೆ. ಪಕ್ಕದ ನರಗಳು ಅದಕ್ಕೆ ಭಾರ ದಾಟಿಸುವ ಸಣ್ಣ ತೊಲೆಗಳಾದವು, ತುದಿಗೆ ಹೋದಂತೆ ತೆಳುವಾಗುತ್ತಾ. ತೊಲೆಯ ಮೇಲ್ಭಾಗವನ್ನು ಸ್ವಲ್ಪ ತೋಡಿ, ಮಳೆನೀರು ಅದರಲ್ಲೇ ಹರಿದು ಒಂದು ತುದಿಯಿಂದ ಬೀಳುವ ಹಾಗೆ ಮಾಡಿದೆ. ನಾಲ್ಕು ಕಂಬಗಳಲ್ಲಿ ಎರಡನ್ನು ತೆಗೆದಿದ್ದೇನೆ. ಉಳಿದ ಎರಡು ಎಷ್ಟು ವಾಲಬೇಕು ಅಂತ ತಿಳಿಯಲು ಸರಪಳಿ ಈಗಲೂ ಗೋಡೆಯ ಮೇಲಿದೆ, ಕ್ಲಿಪ್‌ಗಳನ್ನು ಅತ್ತಿತ್ತ ಸರಿಸಿ ನೋಡುತ್ತಿದ್ದೇನೆ.