ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ: ಯಾವ ಸಾಮಾನು ಯಾವ ಚೀಲಕ್ಕೆ?

ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಮೊದಲ ಸಲ ಹೊರಟವರಿಗಾಗಿ ಈ ಟಿಪ್ಪಣಿ. ಏನೇನು ಒಯ್ಯಬೇಕು ಅನ್ನೋ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಯಾವ ವಸ್ತು ಯಾವ ಹೊತ್ತಿಗೆ ಬೇಕು, ಆಗ ಅದು ಯಾರ ಬೆನ್ನ ಮೇಲಿರುತ್ತದೆ ಅಂತ ಪಟ್ಟಿ ಹೇಳುವುದಿಲ್ಲ. ಪ್ಯಾಕಿಂಗ್ ಕಲಿಯುವುದು ಅಂದರೆ ಮುಖ್ಯವಾಗಿ ಇದನ್ನೇ.

ಸಾಮಾನು ಮೂರು ಭಾಗ ಆಗುತ್ತದೆ. ಊರಿನ ಬಟ್ಟೆ, ಜೀನ್ಸ್, ಟ್ರಾಲಿ ಸೂಟ್‌ಕೇಸ್ ಎಲ್ಲ ಕಠ್ಮಂಡುವಿನ ಹೋಟೆಲ್‌ನಲ್ಲೇ ಉಳಿಯಲಿ. ಇಟ್ಟುಕೊಂಡಿರಿ ಅಂದರೆ ಅಲ್ಲಿನವರು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಎರಡನೆಯದು ಪೋರ್ಟರ್ ಹೊರುವ ಡಫೆಲ್ ಬ್ಯಾಗ್. ಮೂರನೆಯದು ನಮ್ಮ ಬೆನ್ನಿನ ಚೀಲ.

ಮೊದಲು ತೂಕ

ನಡಿಗೆ ಶುರುವಾಗುವ ಊರು ಲುಕ್ಲಾ. ಅಲ್ಲಿಗೆ ಹೋಗುವ ಪುಟ್ಟ ವಿಮಾನಗಳಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕೆ.ಜಿ. ಮಿತಿ. ಇಬ್ಬರಿಗೆ ಒಬ್ಬ ಪೋರ್ಟರ್ ಇರುವುದೇ ಹೆಚ್ಚು, ಹಾಗಾಗಿ ನಿಮ್ಮ ಡಫೆಲ್ 10 ಕೆ.ಜಿ. ಸುತ್ತ ನಿಲ್ಲಬೇಕು. ಪೋರ್ಟರ್‌ಗಳು ಎರಡು ಡಫೆಲ್‌ಗಳನ್ನು ಒಟ್ಟಿಗೆ ಬಿಗಿದು, ನಾಮ್ಲೊ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಜೊತೆಗೆ ಅವರ ಸ್ವಂತ ಗಂಟೂ ಇರುತ್ತದೆ. 'ಇರಲಿ, ಇನ್ನೊಂದು ಪ್ಯಾಂಟ್' ಅಂತ ತುರುಕುವಾಗ ಆ ಕುತ್ತಿಗೆ ನೆನಪಿರಲಿ.

ಬೂಟು ಚೀಲದೊಳಗೆ ಹೋಗಬಾರದು, ಕಾಲಲ್ಲೇ ಇರಬೇಕು. ವಿಮಾನದ ದಿನ ದಪ್ಪ ಜಾಕೆಟ್ ಕೂಡ ಮೈಮೇಲೇ ಇರಲಿ.

ಚಳಿಯ ಲೆಕ್ಕ

ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಚಾರಣ ಶುರುವಾಗುವ ಲುಕ್ಲಾವೇ ಅದಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಬೇಸ್ ಕ್ಯಾಂಪ್ ಇರುವುದು 5,364 ಮೀಟರ್‌ನಲ್ಲಿ. ಪ್ರತಿ 1,000 ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಲುಕ್ಲಾದಿಂದ ಬೇಸ್ ಕ್ಯಾಂಪ್‌ಗೆ 2,500 ಮೀಟರ್ ಏರಿಕೆ, ಅಂದರೆ ಸುಮಾರು 16 ಡಿಗ್ರಿ ಇಳಿಕೆ. ಗಾಳಿಯ ಹೊಡೆತ ಬೇರೆ.

ಹಾಗಂತ ದಪ್ಪ ಸ್ವೆಟರ್‌ಗಳನ್ನು ತುಂಬಿಕೊಂಡರೆ ಪ್ರಯೋಜನ ಇಲ್ಲ. ಏರುವಾಗ ಬೆವರುತ್ತೀರಿ, ನಿಂತ ಕೂಡಲೇ ನಡುಗುತ್ತೀರಿ. ಈ ಎರಡಕ್ಕೂ ಒಂದೇ ಬಟ್ಟೆ ಆಗುವುದಿಲ್ಲ. ಅದಕ್ಕೇ ಮೂರು ಪದರ. ಮೈಗಂಟುವ ಪದರ ಬೆವರನ್ನು ಹೊರಗೆ ಎಳೆಯಬೇಕು, ಅದು ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದಿರಲಿ. ಹತ್ತಿ ಬನಿಯನ್ ನೀರು ಹೀರಿಕೊಂಡು ಬೇಗ ಒಣಗದೆ ಮೈ ತಣ್ಣಗೆ ಮಾಡುತ್ತದೆ. ಅದರ ಮೇಲೆ ಫ್ಲೀಸ್, ಅದು ಗಾಳಿಯನ್ನು ಹಿಡಿದಿಟ್ಟು ಬಿಸಿ ಉಳಿಸುತ್ತದೆ. ಎಲ್ಲಕ್ಕೂ ಹೊರಗೆ ಗಾಳಿ, ಮಳೆ ತಡೆಯುವ ತೆಳು ಜಾಕೆಟ್.

ಹಾಗಾದರೆ ಪುಕ್ಕ ತುಂಬಿದ ಡೌನ್ ಜಾಕೆಟ್? ಅದು ನಿಂತಾಗ, ಕೂತಾಗ ಹಾಕುವುದಕ್ಕೆ. ಅದನ್ನು ಹಾಕಿಕೊಂಡೇ ಏರುವವರನ್ನು ದಾರಿಯುದ್ದಕ್ಕೂ ನೋಡಬಹುದು. ಒಳಗಿನ ಪುಕ್ಕ ಬೆವರಿಗೆ ಒದ್ದೆಯಾದರೆ ಮುದ್ದೆ ಕಟ್ಟುತ್ತದೆ. ನಡುವೆ ಗಾಳಿ ನಿಲ್ಲದಿದ್ದರೆ ಬಿಸಿಯೂ ನಿಲ್ಲುವುದಿಲ್ಲ.

ಬೆನ್ನಿನ ಚೀಲಕ್ಕೆ ಏನು?

ಪೋರ್ಟರ್ ನಿಮ್ಮ ಪಕ್ಕದಲ್ಲೇ ನಡೆಯುವುದಿಲ್ಲ. ಡಫೆಲ್ ಮತ್ತೆ ಕೈಗೆ ಬರುವುದು ಸಂಜೆ ಲಾಡ್ಜ್‌ನಲ್ಲಿ. ಹಾಗಾಗಿ ಹಗಲು ಹವಾಮಾನ ಕೆಟ್ಟರೆ ಬೇಕಾಗುವ ಎಲ್ಲವೂ ನಿಮ್ಮ ಬೆನ್ನ ಮೇಲಿರಬೇಕು: ಮಳೆ ಜಾಕೆಟ್, ಡೌನ್ ಜಾಕೆಟ್, ಕೈಗವಸು, ಟೋಪಿ, ಹೆಡ್‌ಟಾರ್ಚ್, ಔಷಧಿ, ಪಾಸ್‌ಪೋರ್ಟ್, ದುಡ್ಡು. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಶೋಕಿ ಅಂದುಕೊಳ್ಳಬೇಡಿ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ರಷ್ಟನ್ನು ಮುಖಕ್ಕೇ ವಾಪಸ್ ಎರಚುತ್ತದೆ.

ನೀರು ಎರಡು ಲೀಟರ್, ಅಂದರೆ ಎರಡು ಕೆ.ಜಿ. ಕೊಳವೆಯಿಂದ ಹೀರುವ ಚೀಲ ಕೆಳಗಿನ ಊರುಗಳಲ್ಲಿ ಚೆನ್ನ. ದಾರಿಯಲ್ಲಿ ಮೇಲೆ ಸಿಗುವ ಡಿಂಗ್‌ಬೋಚೆ ಎಂಬ ಊರು ದಾಟಿದ ಮೇಲೆ ಬೆಳಗಿನ ಹೊತ್ತು ಆ ಕೊಳವೆಯೇ ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಬಾಟಲಿಯೇ ವಾಸಿ. ಅದನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಕಟ್ಟುವುದು ನೀರಿನ ಮೇಲ್ಭಾಗದಲ್ಲಿ. ತಿರುಗಿಸಿಟ್ಟರೆ ಗಡ್ಡೆ ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆದೇ ಇರುತ್ತದೆ. ರಾತ್ರಿ ಅದೇ ಬಾಟಲಿಗೆ ಬಿಸಿನೀರು ತುಂಬಿಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಬೆಳಗಾಗುವಷ್ಟರಲ್ಲಿ ಕುಡಿಯುವ ನೀರೂ ಆಯಿತು! ಫೋನ್, ಪವರ್‌ಬ್ಯಾಂಕ್ ಕೂಡ ಒಳಗೇ ಮಲಗಲಿ, ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ. ವಿಮಾನದಲ್ಲಿ ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವಂತಿಲ್ಲ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆ ಊರಲ್ಲೇ ವೈದ್ಯರನ್ನು ಕೇಳಿಯೇ ತಗೊಳ್ಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ಆಧಾರ್ ನಂಬಿಕೊಂಡು ಹೊರಡಬೇಡಿ.

ಎತ್ತರಕ್ಕೆ ಹೋದಂತೆ ಹಸಿವು ಸಾಯುತ್ತದೆ. ಒಂದು ಪೊಟ್ಟಣ ಚಟ್ನಿಪುಡಿಗೆ ಡಫೆಲ್‌ನಲ್ಲಿ ಜಾಗ ಮಾಡಿ. ದಾಲ್ ಭಾತ್ ಜೊತೆ ಅದು ಎರಡು ತುತ್ತು ಜಾಸ್ತಿ ಇಳಿಸುತ್ತದೆ. ಕೋಡುಬಳೆ ಬೇಡ, ಪುಡಿಪುಡಿಯಾಗುತ್ತದೆ.

ಸ್ಲೀಪಿಂಗ್ ಬ್ಯಾಗ್

ಇದನ್ನು ಕೊಳ್ಳುವ ಅಗತ್ಯ ಇಲ್ಲ. ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಡೌನ್ ಜಾಕೆಟ್ ಕೂಡ. ಸ್ಲೀಪಿಂಗ್ ಬ್ಯಾಗಿಗೆ ಹೊಲಿದ ಚೀಟಿಯ ಮೇಲೆ ಮೂರು ಉಷ್ಣತೆಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಅಂಗಡಿಯವರು ತೋರಿಸುವುದು ಕೊನೆಯದನ್ನು, ನೀವು ನೋಡಬೇಕಾದ್ದು ಮೊದಲನೆಯದನ್ನು. ಎಕ್ಸ್‌ಟ್ರೀಮ್ ಅಂದರೆ ಕೆಲವು ಗಂಟೆ ಜೀವ ಹೋಗದಂತೆ ಕಾಯುತ್ತದೆ ಅಷ್ಟೇ, ನಿದ್ದೆ ಬರುತ್ತದೆ ಅಂತಲ್ಲ. ಅಕ್ಟೋಬರ್ ಕೊನೆಗೆ ಹೋಗುವವರು ಕಂಫರ್ಟ್ ಮೈನಸ್ 10ರ ಆಸುಪಾಸು ಇರುವುದನ್ನು ಕೇಳಿ. ಚೀಟಿ ಹರಿದುಹೋಗಿದ್ದರೆ ಚೀಲವನ್ನು ಬಿಡಿಸಿ ಹರಡಿ, ಸ್ವಲ್ಪ ಹೊತ್ತು ಬಿಡಿ. ಪುಕ್ಕ ಉಬ್ಬಿ ಮೇಲೇಳದಿದ್ದರೆ ಬೇರೆಯದು ತೆಗೆಸಿ. ಜಿಪ್ ತಳದಿಂದ ಕುತ್ತಿಗೆವರೆಗೆ ಎಳೆದು ನೋಡಿ, ಒಳಗೆ ಒಮ್ಮೆ ಮಲಗಿ ನೋಡಿ. ನಾಚಿಕೆ ಬೇಡ, ಅಲ್ಲಿ ಎಲ್ಲರೂ ಮಲಗಿ ನೋಡುತ್ತಾರೆ. ಒಳಗೆ ಹಾಸಿಕೊಳ್ಳುವ ತೆಳು ಲೈನರ್ ಮಾತ್ರ ಊರಿಂದಲೇ ತನ್ನಿ. ಬಾಡಿಗೆ ಚೀಲದಲ್ಲಿ ನಿಮಗಿಂತ ಮುಂಚೆ ಯಾರು ಮಲಗಿದ್ದರೋ!